ಆರು ತಿಂಗಳು ಇಡಬೇಕಾದ ಡಬ್ಬಿ

ಗೋದಾಮಿನ ಬಾಗಿಲು ತೆಗೆದ ಕೂಡಲೇ ದಡಬಡ ಒಳಗೆ ನುಗ್ಗುವವರನ್ನು ಕಂಡರೆ ಹುಳದ ಮೇಷ್ಟ್ರಿಗೆ ಆಗುತ್ತಿರಲಿಲ್ಲ. ಅವರು ಹೊಸ್ತಿಲಲ್ಲೇ ನಿಲ್ಲುತ್ತಿದ್ದರು. ತುಟಿಯ ಮೇಲೆ ಬೆರಳಿಟ್ಟು ಹಿಂದಿದ್ದವರ ಮಾತು ನಿಲ್ಲಿಸಿ, ಮೂಟೆ ಪೇರಿಸಿದ ಹತ್ತಿರದ ಅಟ್ಟಿಯ ಬಳಿ ಹೋಗಿ, ಗೋಧಿ ಮೂಟೆಗೆ ಕಿವಿ ಹಚ್ಚಿ ಕಣ್ಣು ಮುಚ್ಚುತ್ತಿದ್ದರು. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿರುತ್ತದೆ. ಚೀಲ ಹೊಸದು, ಹೊಲಿಗೆ ಭದ್ರ, ಸಾಲು ನೆಟ್ಟಗೆ. ಆದರೆ ಹುಳ ಬಿದ್ದ ಮೂಟೆ ಒಳಗೊಳಗೇ ಚರಚರ ಎನ್ನುತ್ತಿರುತ್ತದೆ. ಸಾವಿರ ಸಣ್ಣ ಬಾಯಿಗಳು ಒಂದೇ ಸಮನೆ ತಿನ್ನುವ ಸದ್ದು ಅದು.

"ತಿಂತಾ ಇದೆ," ಎಂದು ಮೇಷ್ಟ್ರು ಕಣ್ಣು ತೆರೆಯುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಆ ಕಿವಿ ತಪ್ಪು ಹೇಳಿದ್ದು ಎರಡೋ ಮೂರೋ ಸಲ. ಕೊನೆಯ ಸಲ ತಪ್ಪಿದ್ದು ಮಾತ್ರ ಗೋಧಿಯ ವಿಷಯದಲ್ಲಲ್ಲ.

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಧಾನ್ಯದ ಗೋದಾಮುಗಳಲ್ಲಿ ಹುಳ ಎಣಿಸುವವರು. ಉದ್ದನೆಯ ಟೊಳ್ಳು ಕೊಳವೆಯನ್ನು ಮೂಟೆಗೆ ಚುಚ್ಚಿ, ಹೊಟ್ಟೆಯೊಳಗಿನ ಕಾಳು ಈಚೆ ತೆಗೆದು, ಬಿಳಿ ತಟ್ಟೆಗೆ ಸುರಿದು, ಕಿಲೋಗೆ ಎಷ್ಟು ಹುಳ ಎಂದು ಬರೆಯಬೇಕು. ಎಣಿಕೆ ಮಿತಿ ಮೀರಿದರೆ ಅಟ್ಟಿಗೆ ದಪ್ಪ ಹೊದಿಕೆ ಮುಚ್ಚಿಸಿ, ಅಂಚಿಗೆಲ್ಲ ಮರಳಿನ ಚೀಲ ಒತ್ತಿಸಿ, ಒಳಗೆ ಹುಳ ಸಾಯಿಸುವ ಗ್ಯಾಸ್ ಕೊಡಿಸಬೇಕು. ಇದು ಕೆಲಸ. ಕೇಳಿದವರಿಗೂ ಕೇಳದವರಿಗೂ ಅದರ ಬಗ್ಗೆ ಪಾಠ ಹೇಳುವುದು ಚಟ. ಅವರ ಜೊತೆಯಲ್ಲೇ ಕೆಲಸಕ್ಕೆ ಸೇರಿದ ಹಳೇ ಗೆಳೆಯ, ಗೋದಾಮಿನ ತೂಕದವನು, ಒಂದು ದಿನ ಬೇಸತ್ತು "ನಮಸ್ಕಾರ ಹುಳದ ಮೇಷ್ಟ್ರೇ, ಇವತ್ತಿಗೆ ಪಾಠ ಸಾಕು" ಅಂದ. ಹೆಸರು ಅಂಟಿಕೊಂಡಿತು. ಸಂಬಳದ ಚೀಟಿಯೊಂದನ್ನು ಬಿಟ್ಟರೆ ಅವರ ನಿಜವಾದ ಹೆಸರು ಮತ್ತೆಲ್ಲೂ ಉಳಿಯಲಿಲ್ಲ.

ಆ ಪಾಠಗಳು ಗೋದಾಮಿನಲ್ಲಿ ಎಲ್ಲರಿಗೂ ಬಾಯಿಪಾಠ. "ತಟ್ಟೇಲಿ ಹುಳ ಕಾಣಲಿಲ್ಲ ಅಂತ 'ಹುಳ ಇಲ್ಲ' ಅಂತ ಬರೀಬೇಡ್ರಪ್ಪ. 'ಸಿಗಲಿಲ್ಲ' ಅಂತ ಬರೀರಿ. ನೀವು ನೋಡಿದ್ದು ಒಂದು ಹಿಡಿ ಕಾಳು, ಅಟ್ಟಿಯಲ್ಲಿರೋದು ಮೂರು ಸಾವಿರ ಮೂಟೆ." ಇದು ಒಂದು. ಇನ್ನೊಂದನ್ನು ಹೇಳುವಾಗ ಅವರ ಮುಖ ಗಡುಸಾಗುತ್ತಿತ್ತು: "ಅರ್ಧ ಗ್ಯಾಸ್ ಕೊಡೋದಕ್ಕಿಂತ ಕೊಡದೇ ಇರೋದು ವಾಸಿ. ಅರ್ಧ ಕೊಟ್ರೆ ಬಡಪಾಯಿ ಹುಳ ಸಾಯುತ್ತೆ, ಗಟ್ಟಿ ಹುಳ ಬದುಕುತ್ತೆ. ಆಮೇಲೆ ಅದರ ಮಕ್ಕಳು ಮೊಮ್ಮಕ್ಕಳಿಗೆ ನಿಮ್ಮ ಗ್ಯಾಸು ಬೆಳಗಿನ ತಂಗಾಳಿ."

ಮತ್ತೆ ಆ ಡಬ್ಬಿಗಳು. ಪ್ರತಿ ಅಟ್ಟಿಯಿಂದ ತೆಗೆದ ಕಾಳನ್ನು ಎರಡು ಪಾಲು ಮಾಡಿ, ಒಂದನ್ನು ಎಣಿಕೆಗೆ ಬಳಸಿ, ಇನ್ನೊಂದನ್ನು ಅಂಗೈಯಗಲದ ತಗಡಿನ ಡಬ್ಬಿಯಲ್ಲಿ ಮುಚ್ಚಿ, ಮೇಲೆ ಚೀಟಿ ಅಂಟಿಸಿ ಆರು ತಿಂಗಳು ಇಡಬೇಕೆಂಬುದು ನಿಯಮ. ನಾಳೆ ಯಾರಾದರೂ ತಕರಾರು ತೆಗೆದರೆ ಡಬ್ಬಿ ಸಾಕ್ಷಿ ಹೇಳುತ್ತದೆ. ಅದಕ್ಕೆ ಪ್ರತಿ ಸ್ಯಾಂಪಲ್ ಎಂದು ಹೆಸರು. ಆರು ತಿಂಗಳು ಕಳೆದ ಮೇಲೆ ಖಾಲಿ ಡಬ್ಬಿಗಳನ್ನು ಮೇಷ್ಟ್ರು ಮನೆಗೆ ತರುತ್ತಿದ್ದರು. ಹೆಂಡತಿ ಮನೆಯಲ್ಲೇ ಶಾಲೆಯ ಸಮವಸ್ತ್ರ ಹೊಲಿಯುವವಳು. ಹೊಲಿಗೆ ಮೆಷಿನ್ನಿನ ಮೇಲಿನ ಹಲಗೆಯಲ್ಲಿ ಗುಂಡಿಗೊಂದು, ಹುಕ್ಕಿಗೊಂದು, ಸೂಜಿಗೊಂದು ಎಂದು ನಲವತ್ತು ಡಬ್ಬಿ ಸಾಲಾಗಿ ಕೂತಿದ್ದವು. "ನಮ್ಮ ಮನೇಲಿ ಚಿನ್ನದ ಡಬ್ಬಿ ಒಂದಿಲ್ಲ, ಹುಳದ ಡಬ್ಬಿಗೆ ಕೊರತೆ ಇಲ್ಲ," ಎಂದು ಆಕೆ ಬಂದವರಿಗೆ ಹೇಳಿ ನಗುತ್ತಿದ್ದಳು.

ಗ್ಯಾಸಿನ ಕೆಲಸದವರಿಗೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಐದು ವರ್ಷದ ಹಿಂದೆ ಹಾಗೆ ಮಾಡಿಸಿದಾಗ ಎಲ್ಲರ ವರದಿ ಕಚೇರಿಗೆ ಬಂತು, ಮೇಷ್ಟ್ರದು ಮಾತ್ರ ಬರಲಿಲ್ಲ. ಬದಲಿಗೆ ಮೇಷ್ಟ್ರನ್ನೇ ಕರೆಸಿದರು. ಹನ್ನೊಂದು ಸಾವಿರ ದಾಟಬಾರದ ಬಿಳಿ ರಕ್ತಕಣ ಮೂವತ್ತೆಂಟು ಸಾವಿರ ಇತ್ತು. ಮೇಷ್ಟ್ರಿಗೆ ಜ್ವರವಿಲ್ಲ, ನೋವಿಲ್ಲ, ಅಟ್ಟಿ ಹತ್ತಿದರೆ ಏದುಸಿರಿಲ್ಲ. ಚೀಲ ಹೊಸದು, ಹೊಲಿಗೆ ಭದ್ರ.

ದೊಡ್ಡಾಸ್ಪತ್ರೆಯ ರಕ್ತದ ವಿಭಾಗದಲ್ಲಿ ಅವರನ್ನು ನೋಡಿದ ಡಾಕ್ಟರಮ್ಮ ಕಡಿಮೆ ಮಾತಿನವರು. ಪೆನ್ಸಿಲ್ಲಿನಿಂದ ಬರೆಯುತ್ತ, ತಲೆ ಎತ್ತದೆ ಹೇಳಿದರು: "ಇದು ರಕ್ತದ ಕ್ಯಾನ್ಸರ್. ನಿಧಾನವಾಗಿ ಬೆಳೆಯೋ ಜಾತಿ. ಈಗ ಔಷಧಿ ಬೇಡ. ಮೂರು ತಿಂಗಳಿಗೊಮ್ಮೆ ಬನ್ನಿ."

"ಕ್ಯಾನ್ಸರ್ ಅಂತೀರಿ, ಔಷಧಿ ಬೇಡ ಅಂತೀರಿ. ಇದ್ಯಾವ ನ್ಯಾಯ?" ಹೆಂಡತಿ ಜಗಳಕ್ಕೇ ನಿಂತಳು.

"ತೊಂದರೆ ಕೊಡದೆ ಇರೋವಾಗ ಔಷಧಿ ಕೊಟ್ಟರೆ ಆಯುಷ್ಯ ಹೆಚ್ಚಲ್ಲಮ್ಮ, ಔಷಧಿಯ ತೊಂದರೆ ಮಾತ್ರ ಸಿಗುತ್ತೆ. ಕಾದು ನೋಡೋಣ."

ಮೇಷ್ಟ್ರಿಗೆ ಮಾತ್ರ ಇದು ಥಟ್ಟನೆ ಅರ್ಥವಾಯಿತು. ಕಿಲೋಗೆ ಒಂದು ಹುಳ ಸಿಕ್ಕಿತೆಂದು ಯಾರೂ ಗ್ಯಾಸ್ ಕೊಡುವುದಿಲ್ಲ, ಕಣ್ಣಿಡುತ್ತಾರೆ ಅಷ್ಟೇ. ದಾರಿಯುದ್ದಕ್ಕೂ ಹೆಂಡತಿಗೆ ಅದನ್ನೇ ವಿವರಿಸಿದರು. ಆಕೆ ಕೇಳಿಸಿಕೊಳ್ಳಲಿಲ್ಲ, ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಎರಡು ವರ್ಷ ಹಾಗೇ ಕಳೆಯಿತು. ಆಮೇಲೆ ಒಂದೊಂದಾಗಿ ಬಂದವು. ಕತ್ತಿನ ಎರಡೂ ಕಡೆ ಗಂಟು, ಬೆಳಿಗ್ಗೆ ಹಿಂಡಿದರೆ ನೀರು ಬರುವಷ್ಟು ಬೆವರಿನಿಂದ ನೆನೆದ ಹೊದಿಕೆ. ತೂಕ ಎಂಟು ಕಿಲೋ ಇಳಿಯಿತು. ತೂಕದವನು ಮೂಟೆ ತೂಗುವ ಯಂತ್ರದ ಮೇಲೆ ಮೇಷ್ಟ್ರನ್ನು ನಿಲ್ಲಿಸಿ, ಮುಳ್ಳು ನೋಡಿ, ಆ ದಿನ ಯಾವ ತಮಾಷೆಯನ್ನೂ ಮಾಡಲಿಲ್ಲ. ಎಡ ಪಕ್ಕೆಲುಬಿನ ಕೆಳಗೆ, ರಕ್ತ ಸೋಸುವ ಗುಲ್ಮ ಊದಿ ನಾಲ್ಕು ಬೆರಳು ಇಳಿದಿತ್ತು. ಬಿಳಿ ಕಣ ಒಂದು ಲಕ್ಷ ನಲವತ್ತು ಸಾವಿರ.

"ಈಗ ಶುರು ಮಾಡೋಣ," ಅಂದರು ಡಾಕ್ಟರಮ್ಮ.

"ಪೂರ್ತಿ ಹೋಗತ್ತಾ ಡಾಕ್ಟ್ರಮ್ಮ?"

"ಗುರಿ ಅದಲ್ಲ." ಅವರು ಮೇಷ್ಟ್ರ ಕತ್ತಿನ ಗಂಟಿಗೆ ಅಳತೆ ಪಟ್ಟಿ ಹಿಡಿದು ಬರೆದುಕೊಂಡರು. "ಈ ಗಂಟು ಕರಗಬೇಕು. ಗುಲ್ಮ ಪಕ್ಕೆಲುಬಿನ ಒಳಗೆ ಹೋಗಬೇಕು. ರಕ್ತ ಏರಬೇಕು, ಬೆವರು ನಿಲ್ಲಬೇಕು. ಬಿಳಿ ಕಣ ಇಳಿಯಬೇಕು, ಆದರೆ ಅದು ಕೊನೇಲಿ. ಇಷ್ಟೂ ಆಗಿ ಎರಡು ತಿಂಗಳು ಕದಲದೆ ನಿಂತರೆ, ಆಗ ಔಷಧಿ ಹಿಡೀತು ಅಂತ ಬರೀತೀನಿ."

"ಸಿಗಲಿಲ್ಲ ಅಂತ ಬರೀತೀರಿ. ಇಲ್ಲ ಅಂತ ಬರಿಯಲ್ಲ."

ಡಾಕ್ಟರಮ್ಮ ಮೊದಲ ಬಾರಿಗೆ ಪೂರ್ತಿ ತಲೆ ಎತ್ತಿ ಅವರನ್ನು ನೋಡಿದರು. "ಹೌದು. ಈ ಮಾತ್ರೆ ಬೇರು ಕೀಳಲ್ಲ ಮೇಷ್ಟ್ರೇ, ಅದುಮಿ ಹಿಡಿಯುತ್ತೆ. ಅದುಮಿದ ಕೈ ಎತ್ತಬಾರದು. ದಿನಾ ಒಂದು, ನಾನು ನಿಲ್ಲಿಸಿ ಅನ್ನೋವರೆಗೆ. ಏನೇ ತೊಂದರೆ ಆದರೂ ನನಗೆ ಹೇಳಿ, ನೀವೇ ಏನೂ ಮಾಡಬೇಡಿ. ನೀವು ಚೆನ್ನಾಗಿ ಮುದುಕರಾಗಿ, ಎಂದೋ ಒಂದು ದಿನ ಬೇರೆ ಯಾವುದೋ ಕಾಯಿಲೆಗೆ ಹೋಗಬೇಕು. ಅದೇ ನನ್ನ ಗುರಿ."

"ಆಶೀರ್ವಾದ ಮಾಡೋ ರೀತಿ ನೋಡು," ಎಂದು ಹೆಂಡತಿ ಹೊರಗೆ ಬಂದು ಗೊಣಗಿದಳು.

ಒಂದು ತಿಂಗಳ ಮಾತ್ರೆ ಮುಗಿದು ಮತ್ತೆ ರಕ್ತ ಕೊಟ್ಟಾಗ ಬಿಳಿ ಕಣ ಎರಡು ಲಕ್ಷ ಹತ್ತು ಸಾವಿರಕ್ಕೆ ಏರಿತ್ತು. ಮೇಷ್ಟ್ರು ಬೆರಳಿಟ್ಟು ಸೊನ್ನೆಗಳನ್ನು ಮತ್ತೆ ಎಣಿಸಿದರು. ಹೆಂಡತಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತುಬಿಟ್ಟಳು. ಡಾಕ್ಟರಮ್ಮ ವರದಿಯನ್ನು ಪಕ್ಕಕ್ಕೆ ಸರಿಸಿ ಮೊದಲು ಕತ್ತು ಮುಟ್ಟಿದರು, ಪಟ್ಟಿ ಹಿಡಿದರು. ನಾಲ್ಕು ಸೆಂಟಿಮೀಟರಿನ ಗಂಟು ಎರಡಾಗಿತ್ತು. "ಗಾಬರಿ ಬೇಡ. ಗಂಟಿನೊಳಗೆ ಅಡಗಿ ಕೂತಿದ್ದ ಕಣಗಳು ಜಾಗ ಬಿಟ್ಟು ರಕ್ತಕ್ಕೆ ಬಂದಿವೆ. ಅಂಕಿ ಏರಿದೆ, ಗಂಟು ಇಳಿದಿದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು."

ಮೇಷ್ಟ್ರು ತೊಡೆ ತಟ್ಟಿಕೊಂಡರು. ಇದು ಅವರಿಗೆ ಗೊತ್ತಿಲ್ಲದ ವಿಷಯವೇ! ಗ್ಯಾಸ್ ಕೊಟ್ಟ ಎರಡನೇ ದಿನ ಹೊದಿಕೆಯ ಅಂಚು ನೋಡಬೇಕು. ಮೂಟೆಯ ಹೊಟ್ಟೆಯಲ್ಲಿದ್ದ ಹುಳವೆಲ್ಲ ಉಸಿರು ಕಟ್ಟಿ ಈಚೆ ಬಂದು ನೆಲದ ತುಂಬ ಹರಿದಾಡುತ್ತಿರುತ್ತವೆ. ಹೊಸ ಕಾವಲುಗಾರರು ಅದನ್ನು ಕಂಡು "ಗ್ಯಾಸ್ ಕೊಟ್ಟ ಮೇಲೆ ಹುಳ ಹೆಚ್ಚಾಯ್ತು ಸಾರ್" ಎಂದು ಓಡಿ ಬರುತ್ತಾರೆ. "ಹೆಚ್ಚಾಗಿಲ್ಲ ಕಣಪ್ಪ, ಹೊರಗೆ ಬಂದಿದೆ" ಎಂದು ಮೇಷ್ಟ್ರು ಎಷ್ಟು ಜನರ ಬೆನ್ನು ತಟ್ಟಿಲ್ಲ! ಆ ವಾರವೆಲ್ಲ ಅವರು ಗೋದಾಮಿನಲ್ಲಿ ಸಿಕ್ಕಸಿಕ್ಕವರಿಗೆ ಇದೇ ಕಥೆ ಹೇಳಿದರು. "ನನ್ನ ಹುಳ ಹೊರಗೆ ಬಂದಿದೆ" ಎನ್ನುವುದು ಅವರ ಮಾತಿನ ತುದಿಯಲ್ಲೇ ಇರುತ್ತಿತ್ತು. ಆ ಸಂಭ್ರಮದಲ್ಲಿ ಡಾಕ್ಟರಮ್ಮ ಹೇಳಿದ್ದರಲ್ಲಿ ಅಂಕಿಯ ಮಾತನ್ನು ಗಂಟು ಹಾಕಿಕೊಂಡರು, ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂಬ ಮಾತನ್ನು ಬೆಂಚಿನ ಮೇಲೇ ಬಿಟ್ಟು ಬಂದರು.

ಮಾತ್ರೆ ಹಿಡಿಯಿತು. ಒಂದೂವರೆ ವರ್ಷದಲ್ಲಿ ಬಿಳಿ ಕಣ ಒಂಬತ್ತು ಸಾವಿರಕ್ಕೆ ಬಂತು. ಕತ್ತು ನುಣುಪಾಯಿತು, ಗುಲ್ಮ ಕೈಗೆ ಸಿಗಲಿಲ್ಲ, ಹೊದಿಕೆ ಒಣಗಿತು. ಗ್ಯಾಸಿನ ಹತ್ತಿರ ಸುಳಿಯಬಾರದೆಂದು ಡಾಕ್ಟರಮ್ಮ ಬರೆದುಕೊಟ್ಟಿದ್ದರಿಂದ ಆ ಕೆಲಸ ಬೇರೆಯವರಿಗೆ ಹೋಯಿತು. ಕೊಳವೆ ಮಾತ್ರ ಮೇಷ್ಟ್ರ ಕೈಯಲ್ಲೇ ಉಳಿಯಿತು. ನಿವೃತ್ತಿಗೆ ಒಂದು ವರ್ಷ ಎಂಟು ತಿಂಗಳಿತ್ತು. ಅಲ್ಲಿಯವರೆಗೆ ಅಟ್ಟಿ ಹತ್ತಿ ಇಳಿದರೆ ಸಾಕು, ಅವರು ಬೇರೇನೂ ಕೇಳುತ್ತಿರಲಿಲ್ಲ. ಅಟ್ಟಿಯ ನೆತ್ತಿಯಲ್ಲಿ ಛಾವಣಿಗೆ ತಲೆ ತಾಗುವಷ್ಟು ಎತ್ತರದಲ್ಲಿ, ಕೊಳವೆ ಹಿಡಿದು ಕೂತಾಗ ಅವರು ರೋಗಿಯಲ್ಲ. ಕೆಳಗೆ ಇಳಿದು ಮೇಜಿನ ಮುಂದೆ ಕೂತರೆ ಮೂವತ್ತೊಂದು ವರ್ಷವೂ ನೀರಿನಲ್ಲಿ ಹೋಮ ಮಾಡಿದ ಹಾಗೆ ಎಂದು ಅವರ ಲೆಕ್ಕ.

ಆ ಲೆಕ್ಕಕ್ಕೆ ಅಡ್ಡ ಬಂದದ್ದು ಮಾತ್ರೆಯೇ. ಅದನ್ನು ನುಂಗುವವರ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಮೂಟೆಯ ಮೂಲೆ ತಾಗಿದರೆ ಸಾಕು, ತೋಳಿನ ಮೇಲೆ ಅಂಗೈಯಗಲ ನೇರಳೆ ಕಲೆ ಏಳುತ್ತಿತ್ತು. "ಏನ್ ಮೇಷ್ಟ್ರೇ, ಮನೆಯಾಕೆ ಹೊಲಿಗೆ ಮೆಷಿನ್ನನ್ನೇ ಎತ್ತಿ ಹಾಕಿದ್ರಾ?" ಎಂದು ತೂಕದವನು ಕಿಚಾಯಿಸುತ್ತಿದ್ದ. ಒಂದು ದಿನ ಮಾತ್ರ ತಮಾಷೆಯಾಗಿ ಮುಗಿಯಲಿಲ್ಲ. ಅಟ್ಟಿಯ ಮೇಲೆ ಕೊಳವೆಯ ಚೂಪಂಚು ಹೆಬ್ಬೆರಳಿಗೆ ತರಚಿತು. ರಕ್ತ ಮುಕ್ಕಾಲು ಗಂಟೆಯಾದರೂ ನಿಲ್ಲಲಿಲ್ಲ. ಬಿಳಿ ತಟ್ಟೆಯ ಗೋಧಿ ಕೆಂಪಾಯಿತು, ಕೆಳಗಿನ ಎರಡು ಮೂಟೆಗೂ ಇಳಿಯಿತು. ಗೋದಾಮಿನ ಮೇಲಧಿಕಾರಿ ಬಂದು ನೋಡಿ, ಬಯ್ಯದೆ, ಮೆಲ್ಲಗೆ ಹೇಳಿದರು: "ಇನ್ನೊಂದು ಸಲ ಹೀಗಾದರೆ ನಿಮಗೆ ಮೇಜಿನ ಕೆಲಸ ಹಾಕ್ತೀನಿ ಮೇಷ್ಟ್ರೇ. ತಪ್ಪು ತಿಳ್ಕೋಬೇಡಿ."

ಡಾಕ್ಟರಮ್ಮನಿಗೆ ಹೇಳಿದ್ದರೆ ಅಳೆದು ತೂಗಿ ಏನಾದರೂ ದಾರಿ ತೋರಿಸುತ್ತಿದ್ದರು. ಹಾಗೆ ಹೇಳಿದರೆ ಅಟ್ಟಿ ಹತ್ತಬೇಡಿ ಎಂದೇ ಬರೆದುಕೊಟ್ಟುಬಿಟ್ಟರೆ? ಮೇಷ್ಟ್ರು ಬಾಯಿಗೆ ಬೀಗ ಹಾಕಿಕೊಂಡರು. ಅಂಕಿ ಒಂಬತ್ತು ಸಾವಿರಕ್ಕೆ ಬಂದಿದೆ, ಗಂಟು ಸಿಗುತ್ತಿಲ್ಲ, ಇನ್ನು ದಿನ ಬಿಟ್ಟು ದಿನ ನುಂಗಿದರೆ ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಅರ್ಧ ಗ್ಯಾಸಿನ ಬಗ್ಗೆ ಊರಿಗೆಲ್ಲ ಪಾಠ ಹೇಳಿದ ಮನುಷ್ಯ ಹೀಗೆ ಯೋಚಿಸಿದರು! ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಕಥೆ ಹೇಳುತ್ತಿರುವ ನನಗೆ ಅವರ ಮೇಲೆ ಸಿಟ್ಟು ಬರುವುದು ಇಲ್ಲಿಯೇ. ಗೊತ್ತಿಲ್ಲದವರು ಮಾಡಿದ್ದರೆ ಅಯ್ಯೋ ಪಾಪ ಎನ್ನಬಹುದಿತ್ತು.

ನುಂಗದ ಮಾತ್ರೆಯನ್ನು ಮೋರಿಗೆ ಎಸೆದಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಆದರೆ ಚೀಟಿಯಿಲ್ಲದೆ ಒಂದು ಕಾಳನ್ನೂ ಆಚೆ ಹಾಕದ ಕೈ ಅದು. ಎಸೆಯಲು ಹೋದರೆ ಬೆರಳು ಬಿಚ್ಚಲಿಲ್ಲ. ಒಂದು ಖಾಲಿ ಡಬ್ಬಿ ತೆಗೆದುಕೊಂಡು, ಚೀಟಿ ಅಂಟಿಸಿ, ನಲವತ್ತು ಡಬ್ಬಿಗಳ ಸಾಲಿನ ಹಿಂದೆ ಇಟ್ಟರು. ದಿನ ಬಿಟ್ಟು ದಿನ ಒಂದು ಮಾತ್ರೆ ಅದರೊಳಗೆ ಬೀಳುತ್ತಿತ್ತು. ತಿಂಗಳಿಗೊಮ್ಮೆ ಚೀಟಿಯ ಮೇಲಿನ ಎಣಿಕೆ ಹೊಡೆದು ಹೊಸದು ಬರೆಯುತ್ತಿದ್ದರು.

ಎರಡು ತಿಂಗಳಲ್ಲಿ ತೋಳಿನ ಕಲೆಗಳು ಮಾಯವಾದವು. ಅಟ್ಟಿ ಹತ್ತುವುದು ಇಳಿಯುವುದು ಸಲೀಸಾಯಿತು. ಮೂರನೇ ತಿಂಗಳ ಪರೀಕ್ಷೆಯಲ್ಲಿ ಬಿಳಿ ಕಣ ಹದಿನಾಲ್ಕು ಸಾವಿರ. ಡಾಕ್ಟರಮ್ಮನ ಪೆನ್ಸಿಲ್ ನಿಂತಿತು.

"ಮಾತ್ರೆ ತಪ್ಪಿಸ್ತಾ ಇಲ್ಲ ತಾನೆ?"

"ಛೆ ಛೆ."

"ನೆಗಡಿ, ಜ್ವರ?"

"ಸ್ವಲ್ಪ ನೆಗಡಿ ಇತ್ತು."

"ನಾಲ್ಕು ವಾರಕ್ಕೆ ಮತ್ತೆ ಬನ್ನಿ. ತಪ್ಪದೆ ಬನ್ನಿ."

ಅವರು ಹೋಗಲಿಲ್ಲ. ಗೋದಾಮಿನಲ್ಲಿ ದಾಸ್ತಾನು ತಪಾಸಣೆ ಎಂದು ಹೆಂಡತಿಗೆ ಒಮ್ಮೆ ಹೇಳಿದರು, ಡಾಕ್ಟರಮ್ಮ ರಜೆಯಂತೆ ಎಂದು ಇನ್ನೊಮ್ಮೆ. ಬೀದಿ ತುದಿಯ ಲ್ಯಾಬಿನಲ್ಲಿ ತಾವೇ ರಕ್ತ ಕೊಟ್ಟು ನೋಡಿದರು. ಮೂವತ್ತೊಂದು ಸಾವಿರ. ಹೆಸರು ತಮ್ಮದೇ ಎಂದು ಇನ್ನೊಮ್ಮೆ ನೋಡಿದರು. ಆಮೇಲೆ ವರದಿಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು ತಮಗೆ ತಾವೇ ಹೇಳಿಕೊಂಡರು: ಹೋದ ಸಲವೂ ಏರಿತ್ತು, ಎರಡು ಲಕ್ಷಕ್ಕೆ ಏರಿತ್ತು, ಆಮೇಲೆ ಇಳಿಯಲಿಲ್ಲವೇ? ಹುಳ ಹೊರಗೆ ಬಂದಿದೆ.

ಆ ಹೊತ್ತಿಗೆ ಎಡ ಕಂಕುಳಲ್ಲಿ ಗೋಲಿಯಷ್ಟು ಏನೋ ಕೈಗೆ ಸಿಗುತ್ತಿತ್ತು. ಸಿಕ್ಕಿದ್ದನ್ನು ಅವರು ಎರಡನೇ ಸಲ ಮುಟ್ಟಿ ನೋಡಲಿಲ್ಲ. ಸ್ನಾನ ಮಾಡುವಾಗ ಆ ಜಾಗಕ್ಕೆ ಸೋಪು ಹಚ್ಚದೆ ನೀರು ಸುರಿದುಕೊಳ್ಳುವುದನ್ನು ಕಲಿತರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಲ್ಲ, ಹಾಗೆ.

ಗೋದಾಮಿನಲ್ಲಿ ಒಂದು ಮಧ್ಯಾಹ್ನ ತೂಕದವನು ಎಂದಿನಂತೆ ಹೇಳಿದ, "ಗೋಡೆ ಪಕ್ಕದ ಅಟ್ಟಿಗೆ ನೀವು ಕೊಳವೆ ಹಾಕೇ ಇಲ್ಲ ಮೇಷ್ಟ್ರೇ. ಅಲ್ಲೇನೋ ಬಚ್ಚಿಟ್ಟಿದ್ದೀರಾ ಹೇಗೆ?" ಮೇಷ್ಟ್ರ ಬಲಗೈ ಥಟ್ಟನೆ ಎಡ ಕಂಕುಳ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ತೂಕದವನು ಆ ಕೈಯನ್ನೇ ನೋಡಿದ. ಮೂವತ್ತೊಂದು ವರ್ಷ ಮುಳ್ಳು ಎತ್ತ ವಾಲುತ್ತದೆಂದು ನೋಡಿದ ಕಣ್ಣು ಅದು.

ಗೋಲಿ ನಿಂಬೆಹಣ್ಣಾಯಿತು. ಐದನೇ ತಿಂಗಳಲ್ಲಿ ಮೇಷ್ಟ್ರು ಖಾಕಿ ಅಂಗಿಯೊಂದನ್ನು ಹೆಂಡತಿಯ ಮುಂದೆ ಹಾಕಿ, "ಎಡ ತೋಳು ಸ್ವಲ್ಪ ಬಿಗಿ, ಸಡಿಲ ಮಾಡೇ," ಎಂದರು. ಆಕೆ ಐವತ್ತು ಸಮವಸ್ತ್ರದ ಆತುರದಲ್ಲಿದ್ದಳು. ಒಳಗೆ ಮಡಿಚಿ ಬಿಟ್ಟಿದ್ದ ಬಟ್ಟೆ ಬಿಚ್ಚಿ, ಹೊಸ ಹೊಲಿಗೆ ಹಾಕಿ, ಹಲ್ಲಿನಿಂದ ದಾರ ಕಚ್ಚಿ ತುಂಡು ಮಾಡಿ ಕೊಟ್ಟಳು. ಮುಂದಿನ ತಿಂಗಳು ಅದೇ ತೋಳು ಮತ್ತೆ ಬಂತು.

ಏಳನೇ ತಿಂಗಳ ಒಂದು ಸಂಜೆ ಮೇಷ್ಟ್ರು ಮನೆಗೆ ಬಂದಾಗ ಮೆಷಿನ್ನಿನ ಸದ್ದಿರಲಿಲ್ಲ. ಹೆಂಡತಿ ಅದರ ಮುಂದೆಯೇ ಕೂತಿದ್ದಳು. ಮೆಷಿನ್ನಿನ ಹಲಗೆಯ ಮೇಲೆ ಆ ಖಾಕಿ ಅಂಗಿ, ಕಿತ್ತುಹೋದ ಅದರ ಗುಂಡಿಯ ಜಾಗದಲ್ಲಿ ಚುಚ್ಚಿಟ್ಟ ಸೂಜಿ. ಪಕ್ಕದಲ್ಲಿ, ಗುಂಡಿ ಹುಡುಕುವಾಗ ಸಾಲಿನ ಹಿಂದೆ ಸಿಕ್ಕಿದ, ಮುಚ್ಚಳ ತೆಗೆದ ಡಬ್ಬಿ. ಮಾತ್ರೆಗಳನ್ನು ಆಕೆ ಹತ್ತು ಹತ್ತರಂತೆ ಸಾಲು ಮಾಡಿ ಜೋಡಿಸಿದ್ದಳು, ಗಿರಾಕಿಗೆ ಗುಂಡಿ ಎಣಿಸಿ ಕೊಡುವ ಹಾಗೆ.

"ನೂರಾ ನಾಲ್ಕು," ಅಂದಳು. "ಚೀಟಿಯಲ್ಲಿ ತೊಂಬತ್ತು ಅಂತಿದೆ. ಈ ತಿಂಗಳದು ಇನ್ನೂ ಬರೆದಿಲ್ಲ ಅಂತ ಕಾಣುತ್ತೆ."

ಮೇಷ್ಟ್ರು ಚೀಟಿ ನೋಡಿದರು. ತಮ್ಮದೇ ದುಂಡನೆಯ ಅಕ್ಷರ. ಗೋದಾಮು: ಮನೆ. ಅಟ್ಟಿ: ಒಂದು. ಎಣಿಕೆ: ಹೊಡೆದು ಬರೆದ, ಮತ್ತೆ ಹೊಡೆದು ಬರೆದ ಅಂಕಿಗಳು. ಕೆಳಗೆ ಸಹಿ.

"ಅದು... ಕಲೆ ಏಳ್ತಿತ್ತಲ್ಲ, ಅದಕ್ಕೆ..."

"ನಾನು ಹೊಲಿಯೋಳು ಕಣ್ರೀ." ಆಕೆಯ ಧ್ವನಿ ಏರಲಿಲ್ಲ, ಅದಕ್ಕೇ ಮೇಷ್ಟ್ರಿಗೆ ಹೆದರಿಕೆಯಾಯಿತು. "ದಪ್ಪ ಆಗೋ ಮನುಷ್ಯ ಎರಡೂ ಕಡೆ ದಪ್ಪ ಆಗ್ತಾನೆ. ಒಂದೇ ತೋಳನ್ನ ಎರಡು ಸಲ ಬಿಚ್ಚಿ ಹೊಲಿದೆ. ನನ್ನ ಕೈಯಾರೆ ಜಾಗ ಮಾಡಿಕೊಟ್ಟೆ. ಕೈ ಎತ್ತಿ."

ಮೇಷ್ಟ್ರು ಕೈ ಎತ್ತಿದರು. ಆಕೆ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಅಳತೆ ಪಟ್ಟಿ ತೆಗೆದು ಗಂಟಿಗೆ ಹಿಡಿದಳು. ಆರು ಸೆಂಟಿಮೀಟರಿಗೆ ಅರ್ಧ ಕಡಿಮೆ. ಪಟ್ಟಿ ಸುತ್ತಿಟ್ಟು ಒಳಗೆ ಹೋದಳು. ನಲ್ಲಿಯ ನೀರು ಬಹಳ ಹೊತ್ತು ಸುಮ್ಮನೆ ಹರಿಯುವ ಸದ್ದು ಕೇಳಿಸಿತು.

ಮಾರನೇ ಬೆಳಿಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು, "ಎಷ್ಟು ಮಾತ್ರೆ ತಪ್ಪಿರಬಹುದು?"

"ಒಂದಷ್ಟು..." ಎಂದು ಮೇಷ್ಟ್ರು ಶುರು ಮಾಡುವಷ್ಟರಲ್ಲಿ ಹೆಂಡತಿ ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ಚೀಟಿಯನ್ನು ಮೇಲಿನಿಂದ ಕೆಳಗೆ ಓದಿದರು. ಸಹಿಯನ್ನೂ ಓದಿದರು. ಆಮೇಲೆ ಕಂಕುಳು, ಕತ್ತು, ತೊಡೆಯ ಸಂದು, ಪಕ್ಕೆಲುಬಿನ ಕೆಳಗೆ ಕೈಯಾಡಿಸಿದರು. ಅಲ್ಲಲ್ಲಿ ಪಟ್ಟಿ ಹಿಡಿದರು. ಗುಲ್ಮ ಮತ್ತೆ ಎರಡು ಬೆರಳು ಇಳಿದಿತ್ತು. ಬಿಳಿ ಕಣ ತೊಂಬತ್ತಾರು ಸಾವಿರ.

"ಹೋದ ಸಲವೂ ಏರಿತ್ತಲ್ಲ ಡಾಕ್ಟ್ರಮ್ಮ. ಹುಳ ಹೊರಗೆ ಬಂದಾಗ..." ಮೇಷ್ಟ್ರ ದನಿ ಅವರಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ಹೋದ ಸಲ ಅಂಕಿ ಏರುವಾಗ ಗಂಟು ಇಳೀತಿತ್ತು. ಈ ಸಲ ಎರಡೂ ಏರ್ತಿವೆ. ನೀವು ನೆಲ ಮಾತ್ರ ನೋಡಿದಿರಿ ಮೇಷ್ಟ್ರೇ. ಮೂಟೆಗೆ ಕೊಳವೆ ಹಾಕಲಿಲ್ಲ."

ಗಂಟಿನ ಒಂದು ಚೂರು ತೆಗೆದು ಕಳಿಸಿದರು. ಹತ್ತು ದಿನ ಮನೆಯಲ್ಲಿ ಮುಳ್ಳಿನ ಮೇಲೆ ಕೂತ ಹಾಗೆ. ಮೇಷ್ಟ್ರು ಕೆಲಸಕ್ಕೆ ಹೋದರು, ಹೊಸ್ತಿಲಲ್ಲಿ ನಿಂತರು, ಮೂಟೆಗೆ ಕಿವಿ ಹಚ್ಚಿದರು. ಎಲ್ಲ ಮೂಟೆಗಳಲ್ಲೂ ಸದ್ದು ಕೇಳಿಸಿತು. ಬಿಳಿ ತಟ್ಟೆಗೆ ಸುರಿದು ನೋಡಿದರೆ ಒಂದು ಹುಳವೂ ಸಿಗಲಿಲ್ಲ. ಮೂರನೆಯ ದಿನ ಅವರು ಕಿವಿ ಹಚ್ಚುವುದನ್ನು ಬಿಟ್ಟರು.

ಫಲಿತಾಂಶ ಬಂದ ದಿನ ಡಾಕ್ಟರಮ್ಮ ಪೆನ್ಸಿಲ್ ಕೆಳಗಿಟ್ಟು ಮಾತಾಡಿದರು. ಕಾಯಿಲೆ ಬೇರೆ ಭಯಂಕರ ರೂಪಕ್ಕೆ ತಿರುಗಿಲ್ಲ, ಅಷ್ಟು ಪುಣ್ಯ. ಆದರೆ ಈ ಕಣಗಳು ಹಳೇ ಮಾತ್ರೆಗೆ ಬಗ್ಗುವುದನ್ನು ಬಿಟ್ಟಿವೆ. ಇನ್ನು ಆ ಮಾತ್ರೆಯನ್ನು ದಿನಕ್ಕೆರಡು ನುಂಗಿದರೂ ಅಷ್ಟೇ.

"ಇವರು ಬಿಟ್ಟಿದ್ದಕ್ಕೇ ಹೀಗಾಯ್ತಾ?" ಹೆಂಡತಿ ಕೇಳಿದಳು.

ಡಾಕ್ಟರಮ್ಮ ಆಕೆಯ ಕಡೆ ತಿರುಗಿದರು. "ಬಿಡದೇ ಇದ್ದರೂ ಕೆಲವರಿಗೆ ಹೀಗಾಗುತ್ತೆ. ಬಿಟ್ಟಿದ್ದರಿಂದ ಬೇಗ ಆಗಿರಬಹುದು. ಖಂಡಿತ ಅಂತ ಹೇಳೋಕೆ ಯಾವ ಪರೀಕ್ಷೆಯೂ ಇಲ್ಲಮ್ಮ."

ಅದು ಕನಿಕರದ ಮಾತು ಎಂದು ಮೇಷ್ಟ್ರಿಗೆ ಗೊತ್ತಿತ್ತು. ಗಟ್ಟಿ ಹುಳ ಬದುಕುತ್ತದೆ, ಅದರ ಮಕ್ಕಳು ಮೊಮ್ಮಕ್ಕಳಿಗೆ ತಂಗಾಳಿ. ಎಷ್ಟು ಗೋದಾಮುಗಳಲ್ಲಿ, ಎಷ್ಟು ಜನರ ಮುಂದೆ ಹೇಳಿದ್ದರು! ಅವರಿಗೆ ಕಣ್ಣು ತುಂಬಿ ಬಂತು, ಮುಚ್ಚಿಕೊಳ್ಳಲಿಲ್ಲ.

"ಇನ್ನೊಂದು ಔಷಧಿ ಇದೆ," ಎಂದರು ಡಾಕ್ಟರಮ್ಮ. "ಆಸ್ಪತ್ರೆಯಲ್ಲಿ ಇಟ್ಟುಕೊಂಡು ಶುರು ಮಾಡಬೇಕು. ಸಣ್ಣ ಮಾತ್ರೆಯಿಂದ, ವಾರ ವಾರ ಏರಿಸುತ್ತ. ಒಂದೇ ಸಲಕ್ಕೆ ಜಾಸ್ತಿ ಕಣ ಸತ್ತರೆ ಮೂತ್ರಪಿಂಡ ತಡೆಯಲ್ಲ."

"ಈ ಸಲ ಗುರಿ ಏನು ಡಾಕ್ಟ್ರಮ್ಮ?"

ಹೋದ ಸಲ ಮುದುಕರಾಗಿ ಎಂದಿದ್ದವರು ಈ ಸಲ 'ಮುದುಕ' ಎನ್ನುವ ಮಾತನ್ನೇ ಎತ್ತಲಿಲ್ಲ. "ಆರು ತಿಂಗಳಿಗೆ ಒಂದು ಸ್ಕ್ಯಾನ್ ಮಾಡಿಸೋಣ. ಗಂಟು ಅರ್ಧಕ್ಕಿಂತ ಕಡಿಮೆ ಆಗಿರಬೇಕು. ಅಲ್ಲಿಯವರೆಗೆ ನಡೆಯೋಣ," ಅಂದರು.

ಅಟ್ಟಿ ಹತ್ತುವ ಕೆಲಸ ಅಲ್ಲಿಗೆ ಮುಗಿಯಿತು. ಕೊನೆಯ ದಿನ ಮೇಷ್ಟ್ರು ಕೊಳವೆಯನ್ನು ಒರೆಸಿ ತೂಕದವನ ಕೈಗೆ ಕೊಟ್ಟರು. ಅವನು ಅದನ್ನು ಹಿಡಿಯಲು ಬಾರದವನಂತೆ ಎರಡು ಕೈಯಲ್ಲಿ ಹಿಡಿದುಕೊಂಡು ನಿಂತ. "ಆವತ್ತು ನಿಮ್ಮ ಕೈ ನೋಡಿದಾಗಲೇ ಕೇಳಬೇಕಿತ್ತು ಮೇಷ್ಟ್ರೇ," ಎಂದ. ಮೇಷ್ಟ್ರು ಅವನಿಗೆ ಯಾವ ಪಾಠವನ್ನೂ ಹೇಳಲಿಲ್ಲ.

ಆಸ್ಪತ್ರೆಯಲ್ಲಿ ಹೊಸ ಔಷಧಿ ಶುರುವಾಗಿ ಮನೆಗೆ ಬಂದಾಗಿದೆ. ಈಗ ಬೆಳಿಗ್ಗೆ ಏಳೂವರೆಗೆ, ತಿಂಡಿಯಾದ ಮೇಲೆ, ಹೆಂಡತಿ ಮಾತ್ರೆಯನ್ನು ಅವರ ಅಂಗೈಯಲ್ಲಿಟ್ಟು ಎದುರಿಗೇ ನಿಲ್ಲುತ್ತಾಳೆ. ನುಂಗಿದ ಮೇಲೆ "ಬಾಯಿ ತೆಗೀರಿ" ಅನ್ನುತ್ತಾಳೆ. ಅರವತ್ತರ ಹತ್ತಿರದ ಮನುಷ್ಯ ಬಾಯಿ ತೆಗೆದು ನಾಲಿಗೆ ಎತ್ತಿ ತೋರಿಸುತ್ತಾರೆ. ಆಮೇಲೆ ಆಕೆ ಕತ್ತಿಗೂ ಕಂಕುಳಿಗೂ ಪಟ್ಟಿ ಹಿಡಿದು, ಸಮವಸ್ತ್ರದ ಅಳತೆ ಬರೆಯುವ ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಳ್ಳುತ್ತಾಳೆ. ಏನು ಬಂತೆಂದು ಅವರು ಕೇಳಿದರೆ ಪುಸ್ತಕ ಮುಚ್ಚುತ್ತಾಳೆ.

ಡಬ್ಬಿ ಮೆಷಿನ್ನಿನ ಪಕ್ಕದಲ್ಲೇ ಇದೆ. ಮಾತ್ರೆಗಳನ್ನು ಆಸ್ಪತ್ರೆಯವರು ತೆಗೆದುಕೊಂಡು ಡಬ್ಬಿ ವಾಪಸ್ಸು ಕೊಟ್ಟರು. ಚೀಟಿ ಹಾಗೇ ಇದೆ. ಹೋಗುತ್ತ ಬರುತ್ತ ಅದು ಕಣ್ಣಿಗೆ ಬಿದ್ದು ಮೇಷ್ಟ್ರಿಗೆ ಊಟ ರುಚಿಸುವುದಿಲ್ಲ. ಒಂದು ದಿನ ತಡೆಯಲಾರದೆ, "ಆ ಡಬ್ಬಿ ಬಿಸಾಕೇ, ನೋಡೋಕಾಗಲ್ಲ," ಎಂದರು.

ಹೆಂಡತಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಪ್ರತಿ ಸ್ಯಾಂಪಲ್ ಆರು ತಿಂಗಳು ಇಡಬೇಕು ಅಂತ ನೀವೇ ಹೇಳ್ತಿದ್ರಲ್ಲ. ಇರಲಿ. ಆರು ತಿಂಗಳು ಆಗಲಿ, ನಾವಿಬ್ಬರೂ ಸೇರಿ ಬಿಸಾಕೋಣ."

ಮೇಷ್ಟ್ರು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು. ಹೊಸ ಮಾತ್ರೆ ಶುರುವಾಗಿ ಹತ್ತೊಂಬತ್ತು ದಿನವಾಗಿತ್ತು. ಬೆರಳು ಮಡಿಸುತ್ತ ತಿಂಗಳು ಎಣಿಸಿದರು, ಆರನೆಯದಕ್ಕೆ ಇನ್ನೊಂದು ಕೈ ಬೇಕಾಯಿತು. ಎಡಗೈ ಎತ್ತಲು ಹೋದರು. ಕಂಕುಳಲ್ಲಿ ಅದು ಇನ್ನೂ ಒತ್ತುತ್ತಿತ್ತು.